ಪೊರೆ ಕಾಯುವ ಭೀಮಣ್ಣ

ಇನ್ನೂ ನಸುಕು. ಪುಣೆಯ ವಾಕಡದ ರಸ್ತೆಗಳಲ್ಲಿ ಹಿಂಜವಡಿಗೆ ಹೋಗುವ ಕಂಪನಿ ಬಸ್ಸುಗಳ ಗದ್ದಲ ಶುರುವಾಗಿಲ್ಲ. ಹಾಲಿನ ಟೆಂಪೊ ಒಂದು ಮಾತ್ರ ಗೇಟಿನ ಹತ್ತಿರ ಗುರುಗುಟ್ಟುತ್ತಿದೆ. ಸಾಲುಮನೆಗಳಲ್ಲಿ ಕೊನೆಯದರ ಹಿಂಬದಿಗೆ ನಡೆದು ಬಂದ ಭೀಮಣ್ಣ ಸ್ವಲ್ಪ ಹೊತ್ತು ಗೋಡೆಗೆ ಕೈಯೂರಿ ನಿಲ್ಲುತ್ತಾರೆ. ಉಸಿರು ಹದಕ್ಕೆ ಬರಬೇಕು. ಬಂದ ಮೇಲೆ ಚಪ್ಪಲಿ ಕಳಚಿ, ಮೂಗಿಗೆ ಮಾಸ್ಕ್ ಏರಿಸಿ, ಸದ್ದಾಗದಂತೆ ಬೀಗ ತೆಗೆಯುತ್ತಾರೆ.

ಒಳಗೆ ಹೋದರೂ ದೀಪ ಹಾಕುವುದಿಲ್ಲ. ಹಸಿ ಮಣ್ಣಿನ, ತೆಂಗಿನ ನಾರಿನ ವಾಸನೆ. ಮೂರು ಗೋಡೆಗೂ ನೆಲದಿಂದ ಸೂರಿನವರೆಗೆ ಹಲಗೆಗಳು, ಹಲಗೆಗಳ ಮೇಲೆ ಗಾಜಿನವೋ ಪ್ಲಾಸ್ಟಿಕ್ಕಿನವೋ ಪೆಟ್ಟಿಗೆಗಳು. ಒಂದೊಂದರಲ್ಲಿ ಒಂದೊಂದು ಟರಾಂಟುಲಾ. ಮೈತುಂಬ ರೋಮವಿರುವ, ಬೆಳೆದರೆ ಅಂಗೈ ಮುಚ್ಚುವಷ್ಟಾಗುವ ದೊಡ್ಡ ಜೇಡಗಳಿವು. ಜನ ನಾಯಿ ಬೆಕ್ಕು ಸಾಕುವ ಹಾಗೆ ಇವನ್ನೂ ಸಾಕುತ್ತಾರೆ ಎಂಬುದು ಪುಣೆಯಲ್ಲೇ ಹುಟ್ಟಿ ಬೆಳೆದ ಬಹಳ ಜನಕ್ಕೆ ಗೊತ್ತಿಲ್ಲ. ಭೀಮಣ್ಣನ ಬಾಯಲ್ಲಿ ಅವು ಬರೀ 'ಹುಳ'.

ಒಂದು ಪೆಟ್ಟಿಗೆಯ ಮುಂದೆ ಅವರ ಕಾಲು ನಿಲ್ಲುತ್ತದೆ. ಒಳಗೆ ಮಾಸಿದ ಕಂದು ಬಣ್ಣದ ಜೇಡವೊಂದು ಅಂಗಾತ ಬಿದ್ದಿದೆ, ಎಂಟೂ ಕಾಲು ಮೇಲಕ್ಕೆ ಮಾಡಿಕೊಂಡು. ಅರಿಯದವರು ಕಂಡರೆ ಸತ್ತಿದೆಯೆಂದು ಎತ್ತಿ ಕಸಕ್ಕೆ ಹಾಕುತ್ತಾರೆ. ಹಾಗೆ ಹಾಕಿದವರೂ ಇದ್ದಾರೆ. ಭೀಮಣ್ಣ ಗಾಜಿಗೆ ಕಣ್ಣು ಹಚ್ಚಿ ಕುಕ್ಕರಗಾಲಲ್ಲಿ ಕೂರುತ್ತಾರೆ. ಬಹಳ ಹೊತ್ತಾದ ಮೇಲೆ ಒಂದು ಕಾಲು ತುಸುವೇ ಅಲುಗುತ್ತದೆ.

"ಪೊರಿ ಬಿಡ್ಲಾಕತ್ತದ," ಪಿಸುದನಿಯಲ್ಲಿ ಹೇಳುತ್ತಾರೆ. "ಈಗ ಡಬ್ಬಿ ಮುಟ್ಟಬಾರ್ದು. ಬಾಗಲಾ ಸೈತ ಜೋರ್ ಹಾಕಬಾರ್ದು. ಬಾಣಂತಿ ಮನಿ ಇದ್ದಂಗ ತಿಳೀರಿ."

ಬಿಸಿಲು ಕಿಟಕಿಗೆ ಬರುವಷ್ಟರಲ್ಲಿ ಹಳೆಯ ತೊಗಲು ಎದೆಯ ಸುತ್ತ ಬಿರಿದು, ಮುಚ್ಚಳದಂತೆ ತೆರೆದುಕೊಂಡಿದೆ. ಒಳಗಿನಿಂದ ಇನ್ನೊಂದು ಜೇಡ ಬಂದಿದೆ ಎನ್ನಬೇಕು, ಅಷ್ಟು ಬೇರೆ. ಮೈ ಕಾಡಿಗೆಯಷ್ಟು ಕಪ್ಪು, ಮೊಣಕಾಲುಗಳಲ್ಲಿ ಕೆಂಡದ ಬಣ್ಣ. ವಿಷದ ಹಲ್ಲುಗಳು ಮಾತ್ರ ಎಳೆಗೂಸಿನ ಹಲ್ಲಿನ ಹಾಗೆ ಬಿಳಿ. ಅವು ಕೆಂಪಾಗಿ, ಆಮೇಲೆ ಕಪ್ಪಾಗುವ ತನಕ ಅದಕ್ಕೆ ಏನನ್ನೂ ತಿನ್ನಲು ಕೊಡುವಂತಿಲ್ಲ. ಮೆತ್ತಗಿರುವ ಹೊತ್ತಿನಲ್ಲಿ ಆಹಾರಕ್ಕೆಂದು ಬಿಟ್ಟ ಜಿರಳೆಯೇ ಅದನ್ನು ತಿಂದುಬಿಡಬಹುದು.

ಈ ಕೋಣೆಯ ಯಜಮಾನಿ ಕೇತಕಿ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾರೆ. ಮೊದಲು ತಮ್ಮವೇ ಹತ್ತಿಪ್ಪತ್ತು ಜೇಡ ಸಾಕಿಕೊಂಡಿದ್ದವರು. ಊರಿಗೆ ಹೋಗುವ ಗೆಳೆಯರು ತಮ್ಮವನ್ನೂ ನೋಡಿಕೊಳ್ಳಿ ಎಂದು ಬಿಟ್ಟು ಹೋಗತೊಡಗಿದರು. ಕೆಲವರು ಮರಳಿ ಒಯ್ದರು. ಮದುವೆಯಾಗಿ ಹೆಂಡತಿ ಒಪ್ಪದವರು, ಮನೆ ಬದಲಿಸಿದವರು, ಹುಚ್ಚು ಇಳಿದವರು ಒಯ್ಯಲೇ ಇಲ್ಲ. ಹೀಗೆ ತುಂಬಿದ ಕೋಣೆಯಲ್ಲಿ ಈಗ ಇನ್ನೂರರ ಸಮೀಪ ಪೆಟ್ಟಿಗೆಗಳಿವೆ. ನೀರು ಚಿಮುಕಿಸುವುದು, ಮಣ್ಣು ಬದಲಿಸುವುದು, ಜಿರಳೆ ಮರಿ ಸಾಕುವುದು, ಸತ್ತದ್ದನ್ನು ತೆಗೆಯುವುದು, ಎಲ್ಲವೂ ಭೀಮಣ್ಣನ ಪಾಲು. ಯಾರೂ ನೋಡಲು ಬಾರದ ಹುಳಗಳನ್ನು ಆರು ವರ್ಷದಿಂದ ದಿನವೂ ನೋಡುತ್ತಿರುವವರು ಅವರೊಬ್ಬರೇ.

ಬಣ್ಣದ ವಿಷಯ ತೆಗೆದರೆ ಕಡಿಮೆ ಮಾತಿನ ಈ ಮನುಷ್ಯನಿಗೂ ಮಾತು ಬರುತ್ತದೆ. "ಹುಳದ ತೊಗಲು ನಮ್ಮಂಗ ಹಿಗ್ಗಂಗಿಲ್ರಿ. ಮೈ ಬೆಳೀತದ, ತೊಗಲು ಬಿಗೀತದ. ಅದಕ್ಕ ಒಳಗಿಂದೊಳಗ ಹೊಸಾದು ಹೊಲ್ಕೊಂತದ. ಅದು ತಯಾರಾಗೂ ಹೊತ್ತಿಗಿ ಮ್ಯಾಲಿನ ಬಣ್ಣ ಮಾಸ್ತದ, ಹೊಟ್ಟಿ ಕರ್ರಗಾಗ್ತದ, ಕೂಳು ಬಿಡ್ತದ. ಮರಿ ಇದ್ದಾಗೊಂದು ಬಣ್ಣ, ಪ್ರಾಯಕ್ಕ ಬಂದ್ಮ್ಯಾಲೊಂದು. ಗುಲಾಬಿ ಮರಿ ಬೆಳದು ಕರೀದಾಗ್ತದ. ಮಣ್ಣಿನ ಬಣ್ಣದ್ದು ಜರಿ ಸೀರಿ ಉಟ್ಟಂಗಾಗ್ತದ. ಹೆತ್ತಾಕಿಗೂ ಗುರ್ತ ಸಿಗಂಗಿಲ್ಲ."

ಬಣ್ಣ ಅವರಿಗೆ ಹೊಸತಲ್ಲ. ಯಾದಗಿರಿ ಕಡೆಯ ಹಳ್ಳಿಯಿಂದ ಹದಿಹರೆಯದಲ್ಲೇ ಸೋದರಮಾವನ ಬೆನ್ನು ಹತ್ತಿ ಬಂದ ಭೀಮಣ್ಣ, ದೌಂಡ ಹತ್ತಿರದ ಕುರಕುಂಭದಲ್ಲಿ ಬಣ್ಣದ ಪುಡಿ ಮಾಡುವ ಸಣ್ಣ ಕಾರ್ಖಾನೆಯೊಂದಕ್ಕೆ ಸೇರಿದ್ದರು. ಡ್ರಮ್ಮಿಗೆ ಪುಡಿ ತುಂಬುವ ಕೆಲಸ. ಹಳದಿ ತಯಾರಾಗುವ ವಾರ ಅವರ ಬೆವರು ಹಳದಿ, ಕೆಂಪು ತಯಾರಾಗುವ ವಾರ ತಲೆದಿಂಬು ಕೆಂಪು. ಹೆಂಡತಿ ಸಕ್ಕುಬಾಯಿ ಬಟ್ಟೆ ತಿಕ್ಕಿ ತಿಕ್ಕಿ ಸೋತು, ಕೊನೆಗೆ ಗಂಡನ ಅಂಗಿಗಳನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕತೊಡಗಿದರು. "ಹೋಳಿ ಹುಣ್ಣಿವಿ ನಮ್ಮ ಮನ್ಯಾಗ ವರ್ಷಪೂರ್ತಿ ಇರ್ತಿತ್ತು," ಎಂದು ಸಕ್ಕುಬಾಯಿ ಇಂದಿಗೂ ಹೇಳುತ್ತಾರೆ. ಹೇಳುವಾಗ ನಗುವುದಿಲ್ಲ.

ಕೆಮ್ಮು ಶುರುವಾದಾಗ ಕಾರ್ಖಾನೆಯವರು ಕರೆದೊಯ್ದ ವೈದ್ಯ ಎದೆಯ ಫೋಟೊ ತೆಗೆಸಿದ. ಬೆಳಕಿಗೆ ಹಿಡಿದು ನೋಡಿದ. ಮೇಲ್ವಿಚಾರಕನ ಮುಖ ನೋಡಿದ. "ಥಂಡಿ ಆಗ್ಯಾದ," ಎಂದು ಗುಳಿಗೆ ಬರೆದುಕೊಟ್ಟ. ಆ ಥಂಡಿಯಲ್ಲೇ ಭೀಮಣ್ಣ ಇನ್ನೂ ಕೆಲವು ವರ್ಷ ಡ್ರಮ್ಮು ತುಂಬಿದರು. ಕಾರ್ಖಾನೆ ಒಂದು ದಿನ ಬಾಗಿಲು ಹಾಕಿತು. ಅಷ್ಟರಲ್ಲಿ ಎರಡು ಮಹಡಿ ಮೆಟ್ಟಿಲು ಹತ್ತಿದರೆ ಅವರ ತುಟಿ ನೀಲಿಗಟ್ಟುತ್ತಿತ್ತು. ವಾಕಡಕ್ಕೆ ಬಂದು ಕಟ್ಟಡದ ಕೆಲಸಕ್ಕೆ ನಿಂತರೆ ಕೂಲಿಯವರ ಮೇಸ್ತ್ರಿ ಮುಕಾದಮ ಮೂರನೇ ದಿನಕ್ಕೇ ಕಳುಹಿಸಿಬಿಟ್ಟ. ಸಕ್ಕುಬಾಯಿ ಕಸ ಮುಸುರೆಗೆ ಹೋಗುತ್ತಿದ್ದ ಮನೆಗಳಲ್ಲಿ ಕೇತಕಿಯವರದೂ ಒಂದು. ಭಾರ ಹೊರಬೇಕಿಲ್ಲದ, ಓಡಾಟವಿಲ್ಲದ, ಅವಸರವಿಲ್ಲದ ಕೆಲಸ ಏನಾದರೂ ಇದೆಯೇ ಎಂದು ಆಕೆ ಗಂಡನಿಗಾಗಿ ಕೇಳಿದ್ದಕ್ಕೆ, ಅವಸರ ಮಾಡಲೇಬಾರದ ಕೆಲಸವೊಂದಿದೆ ಎಂದು ಕೇತಕಿ ಈ ಕೋಣೆ ತೋರಿಸಿದರು.

ಆದರೆ ಈ ಕೆಲಸವೂ ಎದೆಗೆ ಒಳ್ಳೆಯದಲ್ಲ. ಬೆದರಿದ ಜೇಡ ಹಿಂಗಾಲಿನಿಂದ ಹೊಟ್ಟೆ ಕೆರೆದು ರೋಮವನ್ನು ಗಾಳಿಗೆ ತೂರುತ್ತದೆ. ಕಣ್ಣಿಗೆ ಕಾಣದ ಮುಳ್ಳುಗಳವು. ಚರ್ಮಕ್ಕೆ ತಾಗಿದರೆ ದದ್ದು, ಉಸಿರಿನಲ್ಲಿ ಹೋದರೆ ದಿನಗಟ್ಟಲೆ ಕೆಮ್ಮು. ಔಷಧದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಆರತಿ ಒಳ್ಳೆಯ ಮಾಸ್ಕ್ ತಂದುಕೊಡುತ್ತಾಳೆ, ಕೊಡುವಾಗೆಲ್ಲ ಜಗಳ ತೆಗೆಯುತ್ತಾಳೆ. "ಬಾಬಾ, ಸಾಕು ಮಾಡು. ಹುಳಕ್ಕ ನೀ ಗೊತ್ತಾದೀ ಏನು? ನಾಳಿ ನೀ ಬರದಿದ್ರ ಅವು ಅಳ್ತಾವೇನು?"

"ಇಲ್ಲವ್ವ, ಅಳಂಗಿಲ್ಲ," ಎನ್ನುತ್ತಾರೆ ಭೀಮಣ್ಣ. "ಹುಳಕ್ಕ ಯಾರೂ ಗೊತ್ತಿಲ್ಲ." ಅಲ್ಲಿಗೆ ಮಾತು ಮುಗಿಯುತ್ತದೆ, ಮರುದಿನ ನಸುಕಿನಲ್ಲಿ ಅವರು ಮತ್ತೆ ಇಲ್ಲಿರುತ್ತಾರೆ.

ಕಳೆದ ವರ್ಷವೇ ಬಿಡಬೇಕೆಂದಿದ್ದವರನ್ನು ಹಿಡಿದು ನಿಲ್ಲಿಸಿದ್ದು ಒಂದು ಹುಳ. ಅದರ ಕಥೆ ಹೇಳದೆ ಭೀಮಣ್ಣನ ಕಥೆ ಮುಗಿಯುವುದಿಲ್ಲ.

ಧಾರವಾಡ ಮೂಲದ, ಮೂವತ್ತು ವರ್ಷದಿಂದ ಪುಣೆಯಲ್ಲಿರುವ ದಂಪತಿ ಬಾಳಕೃಷ್ಣ ಮತ್ತು ಇಂದೂ. ಇಂದೂ ವಿಮಾ ಕಚೇರಿಯ ನೌಕರಿಯಲ್ಲಿದ್ದಾರೆ. ಅವರ ಒಬ್ಬನೇ ಮಗ ಅಮೇಯ ತೊಗರಿಕಾಳಿನಷ್ಟು ಚಿಕ್ಕದೊಂದು ಜೇಡದ ಮರಿ ತಂದು ಸಾಕಿದ್ದ. ದೂರದ ಯಾವುದೋ ದ್ವೀಪದ ಮರಗಳ ಮೇಲೆ ಬಾಳುವ ಜಾತಿ. ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಹನಿ ಮಾಡಿ, ಅದಕ್ಕೆ ಕಾಲು ಹಚ್ಚಿದಂತಿತ್ತಂತೆ. ಮೊದಮೊದಲು ಮನೆಯೊಳಗೆ ಇದೆಂಥದ್ದು ಎಂದು ಸಿಡುಕಿದ ಇಂದೂ ಆಮೇಲೆ ತಾವೇ ಅಡುಗೆಮನೆಯ ಕಟ್ಟೆಯ ಮೇಲೆ ಡಬ್ಬಿ ಇಟ್ಟುಕೊಂಡು ನೋಡುವಷ್ಟಾದರು. ಇಪ್ಪತ್ತಾರರ ಅಮೇಯ ಒಂದು ರಾತ್ರಿ ಮಲಗಿದವನು ಏಳಲಿಲ್ಲ. ಹೃದಯ ಎಂದರು ವೈದ್ಯರು. ಮೊದಲು ಯಾವ ಸೂಚನೆಯೂ ಇರಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಬಾಳಕೃಷ್ಣ ಅವರು ಡಬ್ಬಿಯನ್ನು ಹಳೆಯ ಟವೆಲಿನಲ್ಲಿ ಸುತ್ತಿ ಕೇತಕಿಯವರ ಕೋಣೆಗೆ ತಂದು ಭೀಮಣ್ಣನ ಕೈಗೆ ಕೊಟ್ಟರು. ಆಗ ಅದು ಇನ್ನೂ ನೀಲಿಯೇ ಇತ್ತು, ಹೊಟ್ಟೆಯ ಮೇಲೆ ಕರಿ ಗೆರೆ ಮೂಡತೊಡಗಿತ್ತು. "ನಮಗ ಇದರದು ಏನೂ ತಿಳಿಯೂದಿಲ್ಲ. ಸಾಯಬಾರದು ನೋಡಪಾ," ಎಂದಷ್ಟೇ ಹೇಳಿ, ಕಾರಿನ ಬಾಗಿಲು ಹಾಕುವುದನ್ನೂ ಮರೆತು ಹೊರಟರು.

ಇಂದೂ ಬಂದದ್ದು ಎಷ್ಟೋ ತಿಂಗಳ ಮೇಲೆ. ಅಷ್ಟರೊಳಗೆ ಹುಳ ಎರಡು ಸಲ ಪೊರೆ ಬಿಟ್ಟಿತ್ತು. ಭೀಮಣ್ಣ ಸಂತೋಷದಿಂದಲೇ ಪೆಟ್ಟಿಗೆ ಇಳಿಸಿ ಮೇಜಿನ ಮೇಲಿಟ್ಟರು. ಒಳಗಿದ್ದುದು ಹಸಿರು ಬೆನ್ನಿನ, ಕೆಂಪು ಹೊಟ್ಟೆಯ ಜೀವ. ನೀಲಿ ಎಲ್ಲೂ ಇಲ್ಲ. ಇಂದೂ ಪೆಟ್ಟಿಗೆಯನ್ನು ನಾಲ್ಕೂ ಕಡೆಯಿಂದ ತಿರುಗಿಸಿ ನೋಡಿದರು.

"ಇದು ನನ್ನ ಮಗಂದಲ್ಲ."

"ಅದೇ ರೀ ಅಕ್ಕಾರ. ಪೊರಿ ಬಿಟ್ಟು..."

"ನೀಲಿ ಇತ್ತದು! ನನಗ ಗೊತ್ತಿಲ್ಲೇನು? ದಿನಾ ಮುಂಜಾನೆ ನನ್ನ ಮಾರಿ ಮುಂದ ತಂದು ಹಿಡೀತಿದ್ದ. ಅವನ ಹುಳ ಯಾರಿಗೆ ಮಾರಿದಿ ನೀ?"

ಭೀಮಣ್ಣನಿಗೆ ಉತ್ತರ ಹೇಳಬೇಕೆಂದರೆ ಕೆಮ್ಮು ಬಂತು. ಬಂದದ್ದು ನಿಲ್ಲಲಿಲ್ಲ. ಗೋಡೆ ಹಿಡಿದು ಬಾಗಿ ಕೆಮ್ಮುತ್ತಿದ್ದವರನ್ನು ನೋಡುತ್ತ ಇಂದೂ, ಕಳ್ಳನಿಗೆ ಬಾಯಿ ಕಟ್ಟಿತೆಂದೇ ತಿಳಿದರು. ಮಗನದು ಎಂದು ಉಳಿದಿದ್ದ ಒಂದೇ ಜೀವವನ್ನೂ ಕಾಸಿಗೆ ಮಾರಿಕೊಂಡರಲ್ಲ ಎಂದು ಅಲ್ಲೇ ನಿಂತು ಅತ್ತರು.

ಕಾಲೇಜಿನಿಂದ ಓಡಿ ಬಂದ ಕೇತಕಿ ಕಪಾಟು ತೆರೆದು ಪೊರೆಗಳನ್ನು ತೋರಿಸಿದರು. ಕಳಚಿದ ಪೊರೆಯ ಒಳಭಾಗ ನೋಡಿಯೇ ಹೆಣ್ಣು ಗಂಡು ಗುರುತಿಸಬೇಕಾದ್ದರಿಂದ ಇಲ್ಲಿ ಪೊರೆಗಳನ್ನು ಎಸೆಯುವುದಿಲ್ಲ. ಚಿಕ್ಕದೊಂದು ಪೂರಾ ನೀಲಿ, ಅದು ಅಮೇಯನ ಡಬ್ಬಿಯ ಬಲೆಯಲ್ಲೇ ಸಿಕ್ಕಿದ್ದು. ಅದಕ್ಕಿಂತ ದೊಡ್ಡದು ಕಾಲಿನಲ್ಲಿ ನೀಲಿ. ಅದಕ್ಕಿಂತ ದೊಡ್ಡದರಲ್ಲಿ ಹಸಿರು. ಇಂದೂ ಮೂರನ್ನೂ ನೋಡಿದರು. "ಪೊರಿ ಯಾವ ಹುಳದ್ದರೆ ಇರಬಹುದಲ್ಲ," ಎಂದರು. ಕಣ್ಣೊರೆಸಿಕೊಂಡು ಹೋದರು.

ಆ ಸಂಜೆ ಭೀಮಣ್ಣ ಕೋಣೆಯ ಕೀಲಿ ತಂದು ಕೇತಕಿಯವರ ಮುಂದಿಟ್ಟರು. "ನಾ ಬರಂಗಿಲ್ರಿ ತಾಯೀ. ಹುಳದ ಕೆಲಸ ಮಾಡಬಹುದು, ಹಿಂಗ ಅನ್ನಿಸ್ಕೊಂಡು ಹ್ಯಾಂಗ ಬರ್ಲಿ?" ಕೇತಕಿ ಮರಾಠಿಯಲ್ಲಿ ಹೇಳಿದ್ದಿಷ್ಟೇ: ನೀವು ಹೋದರೆ ಆಕೆ ತಿಳಿದದ್ದೇ ನಿಜವಾಗುತ್ತದೆ. ಭೀಮಣ್ಣ ಕೀಲಿ ಎತ್ತಿಕೊಂಡರು. "ಆ ರಾತ್ರಿ ಉಣ್ಲಿಲ್ಲ," ಎನ್ನುತ್ತಾರೆ ಸಕ್ಕುಬಾಯಿ. "ಕುರಕುಂಭದಾಗ ಎಷ್ಟೋ ಅನುಭೋಗಿಸೀವಿ. ಕಳ್ಳ ಅಂತ ಯಾರೂ ಅಂದಿದ್ದಿಲ್ಲ."

ಒಂದು ಶನಿವಾರ ಇಂದೂ ಮತ್ತೆ ಬಂದರು. ಹಿಂದಿನ ಮಾತು ಎತ್ತಲಿಲ್ಲ, ತಪ್ಪಾಯಿತು ಎನ್ನಲೂ ಇಲ್ಲ. ಬಾಗಿಲಲ್ಲಿ ನಿಂತು, "ಕೂಡ್ಲಿಕ್ಕೆ ಏನರೆ ಅದ ಏನ್ರಿ?" ಎಂದು ಕೇಳಿದರು. ಭೀಮಣ್ಣ ತಮ್ಮ ಸ್ಟೂಲು ಒರೆಸಿ ಕೊಟ್ಟರು. ಆಕೆ ಪೆಟ್ಟಿಗೆಯ ಮುಂದೆ ಕೂತು, ಕಚೇರಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ತಾಸು ನೋಡಿ ಹೋದರು. ಮುಂದಿನ ಶನಿವಾರವೂ ಬಂದರು. ಅದರ ಮುಂದಿನದೂ. ನಂಬಿದೆ ಎಂದು ಬಾಯಿಬಿಟ್ಟು ಇಂದಿಗೂ ಹೇಳಿಲ್ಲ. ಆದರೆ 'ನೀ' ಹೋಗಿ ಮಾತಿನ ಕೊನೆಗೆ 'ರೀ' ಸೇರಿತ್ತು. ಭೀಮಣ್ಣನಿಗೆ ಅಷ್ಟೇ ಸಾಕಾಗಿತ್ತು.

ಆಕೆಗೆ ಗೊತ್ತಿಲ್ಲದ ಒಂದು ವಿಷಯ ಮಾತ್ರ ಭೀಮಣ್ಣನಿಗೆ ಗೊತ್ತಿತ್ತು. ಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ ಕೇತಕಿ ಹುಳ ಗಂಡೆಂದು ಹೇಳಿದ್ದರು. ಟರಾಂಟುಲಾಗಳಲ್ಲಿ ಹೆಣ್ಣು ದೀರ್ಘಾಯುಷಿ, ವರ್ಷಗಟ್ಟಲೆ ಪೊರೆ ಬಿಡುತ್ತ ಬದುಕುತ್ತದೆ. ಗಂಡು ಹಾಗಲ್ಲ. ಪ್ರಾಯಕ್ಕೆ ಬಂದಾಗ ಒಂದು ಕಡೆಯ ಪೊರೆ, ಹೊಸ ಬಣ್ಣ, ಆಮೇಲೆ ಕೆಲವು ತಿಂಗಳು. ಭೀಮಣ್ಣನಿಗೆ ಬೇರೆ ಹುಳ ಪೊರೆಗೆ ಬಂದರೆ ಖುಷಿ. ಇದು ಬಂದರೆ, ಇದೇ ಕಡೆಯದೋ ಏನೋ ಎಂಬ ಅಂಜಿಕೆ.

ಜುಲೈ ತಿಂಗಳ ಒಂದು ಶನಿವಾರ. ಹೊರಗೆ ಬಿಡದೆ ಮಳೆ, ಲೋಣಾವಳಾದ ಕಡೆಯಿಂದ ಬರುವ ಲೋಕಲ್ ಗಾಡಿಗಳೆಲ್ಲ ತಡ. ಒದ್ದೆ ಛತ್ರಿ ಮಡಚುತ್ತ ಒಳಗೆ ಬಂದ ಇಂದೂ ಪೆಟ್ಟಿಗೆ ನೋಡಿ ಕಿರುಚಿದರು. ಬಲೆಯ ಜೋಲಿಯಲ್ಲಿ ಹುಳ ಅಂಗಾತ ಬಿದ್ದಿತ್ತು.

"ಅಯ್ಯ ದೇವರ! ಇದೂ ಹೋತು!"

ಮುಚ್ಚಳಕ್ಕೆ ಕೈ ಹಾಕಿದ್ದರು. ಭೀಮಣ್ಣ ಓಡಬಾರದವರು ಓಡಿ ಬಂದು ಆಕೆಯ ಮಣಿಕಟ್ಟನ್ನೇ ಹಿಡಿದುಬಿಟ್ಟರು. ಪರ ಹೆಂಗಸಿನ ಕೈ ಹಿಡಿದೆನಲ್ಲ ಎಂಬ ಅರಿವು ಆಮೇಲೆ ಬಂದದ್ದು.

"ಮುಟ್ಟಬ್ಯಾಡ್ರಿ ಅಕ್ಕಾರ. ಸತ್ತಿಲ್ಲ. ಮುಟ್ಟಿದ್ರ ಸಾಯ್ತದ."

"ಹಂಗ್ಯಾಕ ಬಿದ್ದದ ಮತ್ತ?"

"ಪೊರಿ ಬಿಡ್ಲಾಕತ್ತದ್ರಿ. ಕೂಡ್ರಿ. ನಾನೂ ಕೂಡ್ತೀನಿ."

ಇಬ್ಬರೂ ಕೂತರು, ಆಕೆ ಸ್ಟೂಲಿನ ಮೇಲೆ, ಅವರು ನೆಲದ ಮೇಲೆ. ಹುಳ ಸ್ವಲ್ಪ ಒತ್ತುತ್ತದೆ, ದಣಿಯುತ್ತದೆ, ಸುಮ್ಮನಾಗುತ್ತದೆ. ಅದು ಸುಮ್ಮನಾದಾಗಲೆಲ್ಲ ಇಂದೂ ಭೀಮಣ್ಣನ ಮುಖ ನೋಡುತ್ತಾರೆ. "ಇಲ್ಲ, ಇಲ್ಲ, ದಣಿವಾರಿಸ್ಕೊಳ್ಳಾಕತ್ತದ," ಎನ್ನುತ್ತಾರೆ ಅವರು. ನಡುವೆ ಆಕೆ ಕೆಮ್ಮಿನ ವಿಷಯ ಕೇಳಿದರು. ಭೀಮಣ್ಣ ಕುರಕುಂಭದ ಡ್ರಮ್ಮುಗಳ ಕಥೆ ಹೇಳಿದರು, ಥಂಡಿ ಎಂದ ವೈದ್ಯನ ಕಥೆ ಹೇಳಿದರು. ಕೈಗವಸಿನಿಂದ ಬೆರಳು ಎಳೆದುಕೊಂಡ ಹಾಗೆ ಒಂದೊಂದೇ ಕಾಲು ಹೊರಬಂದು, ಮಧ್ಯಾಹ್ನದ ಹೊತ್ತಿಗೆ ಹಳೆಯ ಪೊರೆ ಒಂದು ಕಡೆ, ಹುಳ ಒಂದು ಕಡೆ ಆಯಿತು. ಸಪೂರ ಮೈ. ಬೆನ್ನು ಹೊಳೆಯುವ ಹಸಿರು, ಉದ್ದನೆಯ ಕಾಲುಗಳ ತುಂಬ ನೇರಳೆ ಛಾಯೆಯ ರೋಮ.

"ಎಷ್ಟ್ ಛಂದ ಆತಲ್ರೀ," ಎಂದರು ಇಂದೂ. ಆ ಕೋಣೆಯಲ್ಲಿ ಆಕೆ ನಕ್ಕದ್ದು ಅದೇ ಮೊದಲು.

ಭೀಮಣ್ಣ ನೋಡುತ್ತಿದ್ದುದು ಬಣ್ಣವನ್ನಲ್ಲ. ಬಾಯಿಯ ಅಕ್ಕಪಕ್ಕದ ಎರಡು ಕಿರುಗಾಲುಗಳ ತುದಿ ಮುಷ್ಟಿ ಕಟ್ಟಿದಂತೆ ಉಬ್ಬಿತ್ತು. ಗಂಡು ಪ್ರಾಯಕ್ಕೆ ಬಂದ ಗುರುತು. ಕಡೆಯ ಪೊರೆ ಅದು. ನಗುತ್ತಿದ್ದ ಆಕೆಯನ್ನು ಅವತ್ತು ಹೇಳದೆಯೇ ಕಳುಹಿಸಿದರು.

ಆ ವಾರವಿಡೀ ಮನೆಯಲ್ಲಿ ಅದೇ ಮಾತು. ಹೇಳಬೇಡ ಎಂದರು ಸಕ್ಕುಬಾಯಿ: "ಸುಟ್ಟ ಗಾಯಕ್ಕ ಮತ್ತ ಬೆಂಕಿ ಯಾಕ? ಅದರ ಪಾಡಿಗಿ ಅದು ಹೋಗ್ಲಿ." ಕೇತಕಿ ತಾವೇ ಹೇಳುತ್ತೇನೆ ಎಂದರು. ಭೀಮಣ್ಣ ಎರಡಕ್ಕೂ ಒಪ್ಪಲಿಲ್ಲ. "ನನಗ ಹೇಳಬೇಕಾದವ್ರು ಹೇಳ್ಲಿಲ್ಲ. ಫೋಟೋದಾಗ ಕಂಡಿತ್ತು ಅವನಿಗಿ. ಥಂಡಿ ಅಂದ. ಅವತ್ತೇ ಹೇಳಿದ್ರ ನಾ ಆ ಪುಡಿ ಬಿಟ್ಟು ಓಡ್ತಿದ್ನೋ ಇಲ್ಲೋ, ಹೊಟ್ಟಿ ಇತ್ತಲ್ಲ. ಆದ್ರ ಗೊತ್ತಿದ್ದು ಇರ್ತಿದ್ದೆ. ಗೊತ್ತಿದ್ದವ ಬಾಯಿ ಮುಚ್ಕೊಂಡ್ರ ಭಾಳ ಕೆಟ್ಟದ್ರಿ ಅದು."

ಮುಂದಿನ ಶನಿವಾರ ಇಂದೂ ಸ್ಟೀಲ್ ಡಬ್ಬಿ ತುಂಬ ರವೆ ಉಂಡೆ ಮಾಡಿಕೊಂಡು ಬಂದರು. ಒಂದನ್ನು ತೆಗೆದು ಭೀಮಣ್ಣನ ಕೈಗಿಟ್ಟರು. "ತಗೋರಿ. ದೊಡ್ಡಂವಾದನಲ್ಲ ನಮ್ಮ ಹುಡುಗ."

ಭೀಮಣ್ಣ ಉಂಡೆಯನ್ನು ಮೇಜಿನ ಮೇಲಿಟ್ಟರು. "ಅಕ್ಕಾರ, ಒಂದು ಮಾತು ಹೇಳೂದದ. ಇದು ಗಂಡು ಹುಳ. ಗಂಡಿಗಿ ಇದು ಕಡೀ ಪೊರಿ ರೀ. ಇನ್ನ ಬಿಡಂಗಿಲ್ಲ."

"ಅಂದ್ರ?"

"ಇದೇ ಬಣ್ಣದಾಗ ಮುಗೀತದ್ರಿ."

"ಎಷ್ಟ್ ದಿನಕ್ಕ?"

"ಹೇಳ್ಲಾಕ ಬರಂಗಿಲ್ಲ. ಕೆಲವು ತಿಂಗಳ. ಭಾಳಂದ್ರ ವರ್ಷ."

ಇಂದೂ ಡಬ್ಬಿಯ ಮುಚ್ಚಳ ಹಾಕಲು ಹೋದರು, ಅದು ಕೂಡಲಿಲ್ಲ. ಮತ್ತೆ ಮತ್ತೆ ಒತ್ತಿದರು. "ಹೆಣ್ಣಾಗಿದ್ರ?" ಎಂದು ಕೇಳಿದರು.

"ಹೆಣ್ಣಾಗಿದ್ರ ಹತ್ತು ವರ್ಷಾನೂ ಇರ್ತಿತ್ತು."

"ಬೆಳದ ಮ್ಯಾಲೆ ಇರೂದಿಲ್ಲಂತ ಮೊದಲೇ ಯಾಕ ಹೇಳಲಿಲ್ರಿ? ನಾ ಉಂಡಿ ಕಟ್ಟಿಕೊಂಡು ಬಂದೆ." ಅದು ಬೈಗುಳವಾಗಿರಲಿಲ್ಲ. ದನಿ ಏರಲೂ ಇಲ್ಲ. ಹೊರಡುವ ಮುಂಚೆ ಆಕೆ ಕೇಳಿ ಪಡೆದದ್ದು ಒಂದನ್ನೇ: ಕಪಾಟಿನಲ್ಲಿದ್ದ ಪೂರಾ ನೀಲಿಯ ಚಿಕ್ಕ ಪೊರೆ. ಭೀಮಣ್ಣ ಹತ್ತಿಯಲ್ಲಿಟ್ಟು, ಕುಂಕುಮದ ಸಣ್ಣ ಡಬ್ಬಿಯೊಳಗೆ ಹಾಕಿ ಕೊಟ್ಟರು.

ಆಮೇಲೂ ಶನಿವಾರಗಳು ತಪ್ಪಲಿಲ್ಲ. ಅದೇ ಜಾತಿಯ ಹೆಣ್ಣು ಸಾಕಿದವರೊಬ್ಬರು, ಗಂಡನ್ನು ಒಂದು ದಿನದ ಮಟ್ಟಿಗೆ ಕೊಟ್ಟರೆ ಮರಿಯಾದೀತು ಎಂದು ಕೇಳಿ ಕಳುಹಿಸಿದರು. ಹೆಣ್ಣು ಕೆಲವೊಮ್ಮೆ ಗಂಡನ್ನು ಕೊಂದು ತಿನ್ನುತ್ತದೆ ಎಂಬುದನ್ನೂ ಭೀಮಣ್ಣ ಮುಚ್ಚಿಡಲಿಲ್ಲ. ಇಂದೂ ತಕ್ಷಣ ತಲೆಯಾಡಿಸಿದರು. "ಬ್ಯಾಡ. ನಾ ಕಳಸೂದಿಲ್ಲ. ಇದ್ದಷ್ಟು ದಿನ ಇಲ್ಲೇ ಇರ್ಲಿ." ಅದರ ಮೇಲೆ ಯಾರೂ ಒತ್ತಾಯ ಮಾಡಲಿಲ್ಲ.

ಆದರೆ ಪ್ರಾಯಕ್ಕೆ ಬಂದ ಗಂಡು ಒಂದು ಕಡೆ ಕೂರುವುದಿಲ್ಲ. ಗಾಜಿನ ಗೋಡೆಯ ಉದ್ದಕ್ಕೂ ಸುತ್ತುತ್ತದೆ, ಮೂಲೆಗೆ ಬಂದು ಮುಂಗಾಲೆತ್ತಿ ತಡವುತ್ತದೆ, ಮತ್ತೆ ಸುತ್ತುತ್ತದೆ. "ಏನ್ ಹುಡಕ್ತದ್ರಿ ಇದು?" ಎಂದು ಇಂದೂ ಒಮ್ಮೆ ಕೇಳಿದರು. ಹೆಣ್ಣನ್ನು ಹುಡುಕುತ್ತದೆ ಎಂಬುದು ಭೀಮಣ್ಣನಿಗೆ ಗೊತ್ತು. "ಹಾದಿ ಹುಡಕ್ತದ್ರಿ," ಎಂದುಬಿಟ್ಟರು. ಆಕೆಗೆ ಅವರು ಹೇಳದೆ ಉಳಿಸಿಕೊಂಡದ್ದು ಇದೊಂದೇ. ಸರಿಯೋ ತಪ್ಪೋ ಎಂಬ ಲೆಕ್ಕ ಅವರಿಗಿನ್ನೂ ಹರಿದಿಲ್ಲ. "ಅದಕ್ಕ ಆಕಳಿಗಿದ್ದಂಗ ಬಾಯಿದ್ದಿದ್ರ ಒದರ್ತಿತ್ತು. ಬಾಯಿಲ್ಲ. ತಾಯೀದೂ ಕಾಣ್ತದ, ಹುಳದ್ದೂ ಕಾಣ್ತದ. ನಾ ಯಾರ ಕಡೆ ಮಾತಾಡ್ಲಿ?"

ಈಗ ಚಳಿಗಾಲ. ಹುಳದ ಬಣ್ಣ ಮತ್ತೆ ಮಾಸತೊಡಗಿದೆ. ಈ ಸಲ ಮಾತ್ರ ಒಳಗೆ ಹೊಸ ತೊಗಲಿಲ್ಲ. ಹಸಿರು ಬೂದಿಯಾಗುತ್ತಿದೆ, ಕಾಲಿನ ರೋಮ ಅಲ್ಲಲ್ಲಿ ಉದುರಿ ಬೋಳಾಗಿದೆ, ಹಿಂಗಾಲೊಂದು ಎಳೆಯುತ್ತದೆ. ತಿನ್ನುವುದು ನಿಂತು ವಾರಗಳಾದವು. ಭೀಮಣ್ಣ ನೀರು ಚಿಮುಕಿಸಿ, ಹನಿಯೊಂದನ್ನು ಅದರ ಬಾಯಿಯ ಹತ್ತಿರದ ಎಲೆಗೆ ಕುಂಚದಿಂದ ಮುಟ್ಟಿಸುತ್ತಾರೆ. ಕೆಲವು ದಿನ ಕುಡಿಯುತ್ತದೆ.

ಅವರ ಉಸಿರೂ ಈ ಚಳಿಗೆ ಕೆಟ್ಟಿದೆ. ಪಾಲಿಕೆಯ ದವಾಖಾನೆಯ ವೈದ್ಯೆ ಈ ಸಲ ಏನನ್ನೂ ಮುಚ್ಚಿಡದೆ, ಧೂಳಿನ, ರೋಮದ ಕೆಲಸ ಕೂಡಲೇ ಬಿಡಿ ಎಂದು ಹೇಳಿದ್ದಾರೆ. ಆರತಿ ದಿನವೂ ನೆನಪಿಸುತ್ತಾಳೆ. ಕೇತಕಿ ಬೇರೆ ಆಳು ಹುಡುಕುತ್ತಿದ್ದಾರೆ, ಬಂದವರು ಕೋಣೆ ನೋಡಿ ಬಾಗಿಲಿನಿಂದಲೇ ತಿರುಗುತ್ತಾರೆ. ಭೀಮಣ್ಣ ಬಿಡುತ್ತೇನೆ ಎಂದು ಮನೆಯಲ್ಲಿ ಮಾತು ಕೊಟ್ಟಾಗಿದೆ. ಯಾವಾಗ ಎಂದರೆ ಈ ಒಂದು ಹುಳದ್ದು ಮುಗಿಯಲಿ ಎನ್ನುತ್ತಾರೆ. ಇನ್ನೂರು ಹುಳ ಬೇರೆ ಯಾರ ಕೈಗಾದರೂ ಹೋಗಲಿ, ಅದಕ್ಕೆ ಅವರ ತಕರಾರಿಲ್ಲ.

ಉಳಿದ ದಿನ ನಸುಕಿಗೆ ಬರುವವರು ಶನಿವಾರ ಮಾತ್ರ ಇನ್ನೂ ಕತ್ತಲಿರುವಾಗಲೇ ಹೊರಡುತ್ತಾರೆ. ಯಾಕೆಂದು ಸಕ್ಕುಬಾಯಿ ಕೇಳುವುದಿಲ್ಲ, ಚಹಾ ಕಾಸಿ ಕೊಡುತ್ತಾರೆ. ಬೇಕಾದದ್ದು ಏನಾದರೂ ಇದೆಯೇ ಎಂದು ಕೋಣೆಯಲ್ಲಿ ಯಾರಾದರೂ ಕೇಳಿದರೆ ಭೀಮಣ್ಣ ಮಾಸ್ಕ್ ಕೆಳಗಿಳಿಸಿ, ಉಸಿರು ಕೂಡಿಸಿಕೊಂಡು, ನಿಧಾನವಾಗಿ ಹೇಳುತ್ತಾರೆ.

"ಅವತ್ತ ಮುಂಜಾನಿ ಚಾ ತಗೊಂಡು ಮಗನ್ನ ಎಬ್ಬಿಸ್ಲಾಕ ಹೋದವ್ರು ಅಕ್ಕಾರೇ ಅಂತ್ರಿ. ಒಮ್ಮಿ ಹೇಳಿದ್ರು, ಮತ್ತ ಹೇಳಿಲ್ಲ. ಅದಕ್ಕ ಈ ಹುಳ ಹೋದದ್ದು ಮೊದಲು ನನ್ನ ಕಣ್ಣಿಗೇ ಬೀಳ್ಲಿ. ಅವ್ರು ಬರೂದ್ರಾಗ ನಾ ಬಾಗಲದಾಗ ನಿಂತಿರ್ತೀನಿ. ಅಷ್ಟಾದ್ರ ಸಾಕ್ರಿ."